ಕಿವಿ ನಂಬಿ ಕೊಂಡ ಕಾರು

ಗಿರಣಿಯವನ ಕಿವಿಯ ಬಗ್ಗೆ ಪೇಟೆಯಲ್ಲಿ ಎರಡು ಮಾತಿರಲಿಲ್ಲ. ಮೂವತ್ತೈದು ವರ್ಷ ಹಗಲೆಲ್ಲ ಬೀಸುವ ಕಲ್ಲಿನ ಪಕ್ಕ ನಿಂತವನ ಕಿವಿ ಇಷ್ಟು ಹೊತ್ತಿಗೆ ಮಂಕಾಗಬೇಕಿತ್ತು. ಅವನದು ಹಾಗಾಗದೆ, ಸಾಣೆಗೆ ಕೊಟ್ಟ ಕತ್ತಿಯಂತೆ ವರ್ಷದಿಂದ ವರ್ಷಕ್ಕೆ ಚೂಪಾಗುತ್ತ ಬಂದಿತ್ತು. ಗಿರಣಿಯ ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತು ಚಹಾ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟು, "ಯಾರದಮ್ಮ ಈ ಗೋಧಿ? ಒಳಗೆ ಮೊಳೆ ಸೇರಿದೆ," ಎನ್ನುತ್ತ ಓಡಿಹೋಗಿ ಮೋಟಾರು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡವರಿದ್ದರು. ಕಾಳನ್ನೆಲ್ಲ ಜರಡಿ ಹಿಡಿದಾಗ ಬೆರಳಿನ ಗೆಣ್ಣಿನಷ್ಟುದ್ದದ ತುಕ್ಕು ಮೊಳೆ ಸಿಕ್ಕಿತ್ತು. ಅಂದಿನಿಂದ ಯಾರ ಮನೆಯ ಪಂಪು ಕೆಮ್ಮಿದರೂ, ಯಾರ ಹೊಲಿಗೆ ಯಂತ್ರ ಕಿರುಗುಟ್ಟಿದರೂ "ಗಿರಣಿಯಣ್ಣನಿಗೆ ಒಂದ್ಸಲ ಕೇಳಿಸಿ" ಎನ್ನುವುದು ರೂಢಿಯಾಯಿತು. ಅವನೂ ಹೋಗಿ, ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ಕೇಳಿ, ರೋಗ ಇಂಥದ್ದು ಎಂದು ಹೇಳಿ ಬರುತ್ತಿದ್ದ. ಕೈ ಚಾಚುತ್ತಿರಲಿಲ್ಲ. ಹೆಸರೇ ಸಾಕಿತ್ತು.

ವಾರಕ್ಕೊಮ್ಮೆ ಕಲ್ಲು ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಅದಕ್ಕೆ ಹೊಸದಾಗಿ ಹಲ್ಲು ಕಡಿಯುತ್ತ ಕೂತಾಗ, ಹಿಟ್ಟಿಗೆ ಕಾದು ನಿಂತವರಿಗೆ ಅವನು ಹೇಳುತ್ತಿದ್ದ ಮಾತೊಂದಿತ್ತು: "ಕಲ್ಲು ಗೊರಗೊರ ಅಂದ್ರೆ ಹೆದರಬೇಡಿ. ಮೆತ್ತಗೆ ತಿರುಗಿದ್ರೆ ಹೆದರಿ. ಹಲ್ಲು ಸವೆದ ಕಲ್ಲು ಸದ್ದೂ ಮಾಡಲ್ಲ, ಹಿಟ್ಟೂ ಮಾಡಲ್ಲ."

ನೂರು ಸಲ ಹೇಳಿದ ಈ ಮಾತು ಕಾರು ಕೊಳ್ಳುವ ದಿನ ಮಾತ್ರ ಅವನಿಗೆ ನೆನಪಾಗಲಿಲ್ಲ.

ಕಾರಿನ ಸುದ್ದಿ ಹುಟ್ಟಿದ್ದು ಹೆಂಡತಿಯ ಸೊಂಟದಿಂದ. ಹೋದ ವರ್ಷ ಗಿರಣಿಯ ಮೆಟ್ಟಿಲ ಮೇಲೆ ಚೆಲ್ಲಿದ್ದ ಹಿಟ್ಟಿನಲ್ಲಿ ಕಾಲು ಜಾರಿ ಬಿದ್ದವಳು ಸೊಂಟಕ್ಕೆ ಕಬ್ಬಿಣದ ಸರಳು ಹಾಕಿಸಿಕೊಂಡು ಬಂದಿದ್ದಳು. ಕೋಲು ಹಿಡಿದರೆ ಮನೆಯೊಳಗೆ ಓಡಾಟ ನಡೆಯುತ್ತಿತ್ತು. ಬಸ್ಸಿನ ಮೆಟ್ಟಿಲು ಮಾತ್ರ ಅವಳ ಪಾಲಿಗೆ ಬೆಟ್ಟವಾಗಿತ್ತು. ಅವಳ ಅಕ್ಕ ಇದ್ದದ್ದು ಗುಡ್ಡದ ಆಚೆ. ಎರಡು ಬಸ್ಸು ಬದಲಾಯಿಸಿ, ಆಮೇಲೆ ಮೂರು ಮೈಲಿ ಕಲ್ಲುದಾರಿಯಲ್ಲಿ ನಡೆಯಬೇಕು. ಐದು ವರ್ಷಕ್ಕೇ ತಾಯಿಯನ್ನು ಕಳಕೊಂಡವಳನ್ನು ಎತ್ತಿ ಆಡಿಸಿ, ತಲೆ ಬಾಚಿ, ಬೈದು, ಬಡಿದು ದೊಡ್ಡದು ಮಾಡಿದವಳು ಆ ಅಕ್ಕ. ಚಳಿ ಶುರುವಾಗುವಾಗ ಅಕ್ಕ ಹಾಸಿಗೆ ಹಿಡಿದಳು. ಆಸ್ಪತ್ರೆಯವರು ಒಂದು ತಿಂಗಳು ಇಟ್ಟುಕೊಂಡು ಮನೆಗೆ ಕಳಿಸಿದರು. ಹಾಗೆ ಮನೆಗೆ ಕಳಿಸುವುದೆಂದರೆ ಏನೆಂದು ಯಾರೂ ಯಾರಿಗೂ ಬಿಡಿಸಿ ಹೇಳಲಿಲ್ಲ.

"ಬಾರೇ ಕೂಸೇ, ಒಂದ್ಸಲ ಮುಖ ತೋರಿಸಿ ಹೋಗು," ಎಂದು ಅಕ್ಕ ಫೋನಿನಲ್ಲಿ ಹೇಳಿದ ದಿನ, ಅರವತ್ತು ದಾಟಿದ ಕೂಸು ಒಲೆಯ ಮುಂದೆ ಕೂತು ಅತ್ತಿತು.

ಗಿರಣಿಯವನಿಗೆ ಅದನ್ನು ನೋಡಲಾಗಲಿಲ್ಲ. ಕೆಟ್ಟವನೇನಲ್ಲ. "ಬಾಡಿಗೆ ಕಾರು ಮಾಡಿದ್ರೆ ಒಂದು ಸಲಕ್ಕೆ ಮುಗೀತು," ಅಂದ. "ನಮ್ದೇ ಒಂದಿದ್ರೆ ವಾರ ವಾರ ಹೋಗ್ಬಹುದು. ನಿನ್ನ ಅಕ್ಕನ ಮುಂದೆ ರಾಣಿ ಹಾಗೆ ಇಳಿಸ್ತೀನಿ, ಇರು."

ಬೀಜದಂಗಡಿಯ ಸಾಹುಕಾರನ ಹಿತ್ತಲಲ್ಲಿ ಟಾರ್ಪಾಲು ಹೊದ್ದು ಒಂದು ಹಳೆಯ ಕಾರು ನಿಂತಿತ್ತು. ಇಪ್ಪತ್ತೆರಡು ವರ್ಷದ್ದು. ಒಂದು ಕಾಲದಲ್ಲಿ ಬಿಳಿ, ಈಗ ಮುದುಕರ ಹಲ್ಲಿನ ಬಣ್ಣ. ಹಾಲು ಕರೆಯುವ ಒಂದು ಒಳ್ಳೆ ಹಸುವಿನ ಬೆಲೆಗೆ ಕೊಡುತ್ತೇನೆಂದ ಸಾಹುಕಾರ. ಗಿರಣಿಯವನು ಜೊತೆಗೆ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದ. ಸುದ್ದಿ ತಿಳಿದ ಎಂಟು ಹತ್ತು ಜನ ಹಿತ್ತಲ ಗೋಡೆಗೆ ಒರಗಿ ನಿಂತಿದ್ದರು.

ಮೇಸ್ತ್ರಿ ಕಾರಿನ ಕೆಳಗೆ ಬಗ್ಗಿ ನೋಡಿ ಎದ್ದ. "ಒಂದು ದಿನ ನನ್ನ ಶೆಡ್ಡಲ್ಲಿ ಬಿಡಿ ಅಣ್ಣ. ಗೇರ್ ಪೆಟ್ಟಿಗೆ ಆಯಿಲ್ ಇಳಿಸಿ ನೋಡಿಬಿಡ್ತೀನಿ. ಹಳೇ ಗಾಡಿ, ಹೊಟ್ಟೇಲಿ ಏನಿದೆಯೋ."

ಸಾಹುಕಾರ ನಕ್ಕ. "ಡಾಕ್ಟರೇ ಎದುರಿಗೆ ನಿಂತಿರುವಾಗ ಹೊಟ್ಟೆ ಯಾಕಪ್ಪಾ ಕುಯ್ಯೋದು? ಗಿರಣಿಯಣ್ಣನ ಕಿವಿಗೆ ಮೀರಿದ ಯಂತ್ರ ನಿನ್ನ ಶೆಡ್ಡಲ್ಲಿ ಯಾವುದಿದೆ ತೋರಿಸು. ನಾನೊಂದು ಮಾತು ಆಡಲ್ಲ ಅಣ್ಣ. ಕೀಲಿ ತಗೊಳ್ಳಿ, ನೀವೇ ಕೇಳಿ, ನೀವೇ ಹೇಳಿ."

ಗೋಡೆಗೊರಗಿದವರು ಹೌದೆಂದು ತಲೆಯಾಡಿಸಿದರು. ಗಿರಣಿಯವನು ಬಾನೆಟ್ ಎತ್ತಿ, ತಲೆ ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ನಿಂತ. ಎಂಜಿನ್ನಿನಲ್ಲಿ ವಯಸ್ಸಿನ ಸಣ್ಣ ಗೊಣಗಾಟ ಬಿಟ್ಟರೆ ಇನ್ನೇನಿಲ್ಲ. ಆಮೇಲೆ ಕೂತು ಪೇಟೆಗೆ ಮೂರು ಸುತ್ತು ಹೊಡೆದ. ಗೇರು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಹೆಸರಿಗೂ ಸದ್ದಿಲ್ಲದೆ ಜಾರಿತು. ಇಳಿದವನೇ ಎಲ್ಲರಿಗೂ ಕೇಳುವಂತೆ, "ಗೇರು ಬೆಣ್ಣೆ ಇದ್ದ ಹಾಗಿದೆ. ಮೈ ಮಾತ್ರ ರಿಪೇರಿ," ಅಂದ. ಮೇಸ್ತ್ರಿ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದ.

ಮೈ ರಿಪೇರಿಯೇ ಇಪ್ಪತ್ತು ದಿನ ಹಿಡಿಯಿತು. ಕಾಲಿಡುವ ಕಡೆ ಹಾಸು ಎತ್ತಿದರೆ ರಸ್ತೆ ಕಾಣುತ್ತಿತ್ತು. "ಒಳ್ಳೇದೇ ಆಯ್ತು ಬಿಡಿ, ಬ್ರೇಕ್ ಹಿಡೀದಿದ್ರೆ ಕಾಲು ಕೊಟ್ಟು ನಿಲ್ಲಿಸಬಹುದು," ಅಂದ ಮೇಸ್ತ್ರಿ. ತುಕ್ಕು ತಿಂದ ತಗಡು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿದ್ದಾಯಿತು. ಬ್ರೇಕು, ಬ್ಯಾಟರಿ, ನೀರು ಸೋರುತ್ತಿದ್ದ ರೇಡಿಯೇಟರು ಒಂದೊಂದಾಗಿ ಸರಿಯಾದವು. ಗೇರ್ ಪೆಟ್ಟಿಗೆ ಮುಟ್ಟುವುದು ಬೇಡವೆಂದು ಗಿರಣಿಯವನೇ ಹೇಳಿದ್ದ. ಗಿರಣಿಯವನು ಮಧ್ಯಾಹ್ನವೇ ಕಲ್ಲು ನಿಲ್ಲಿಸಿ, ಮೈಗೆ ಹತ್ತಿದ ಹಿಟ್ಟು ಕೂಡ ಕೊಡವದೆ ಶೆಡ್ಡಿಗೆ ಬಂದು, ಮರಳು ಕಾಗದ ಹಿಡಿದು ಹಳೆಯ ಬಣ್ಣ ಉಜ್ಜುತ್ತ ಕೂರುತ್ತಿದ್ದ. "ನೀವು ಬಂದ್ರೆ ಬಿಳಿ ಪ್ರೈಮರ್ ಬಳಿಯೋ ಖರ್ಚು ಉಳೀತು ಅಣ್ಣ, ಕಾರಿಗೆ ಒಂದ್ಸಲ ಮೈ ಒರೆಸಿಬಿಡಿ," ಎಂದು ಮೇಸ್ತ್ರಿ ಛೇಡಿಸಿದರೆ ಇವನು ನಗುತ್ತಿದ್ದ. ಅವನ ಬಾಳಿನಲ್ಲಿ ಅಷ್ಟು ಸುಖದ ದಿನಗಳು ಕಡಿಮೆ.

ಮನೆಯಲ್ಲಿ ಹೆಂಡತಿ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರವನ್ನು ಮಂಚದ ಮೇಲೇ ಇಟ್ಟುಕೊಂಡು ಸೀಟಿನ ಗವಸು ಹೊಲಿದಳು. ಗಿಳಿಹಸಿರು ಬಟ್ಟೆ. ಚಿಕ್ಕಂದಿನಿಂದಲೂ ಅದು ಅಕ್ಕನ ಬಣ್ಣ. ಚಾಲಕನ ಪಕ್ಕದ ಸೀಟಿನ ಗವಸಿಗೆ ಮಾತ್ರ ಎರಡು ಪದರ ಹತ್ತಿ ಸೇರಿಸಿದಳು.

"ಇದ್ಯಾಕೆ ಇಷ್ಟು ದಪ್ಪ?" ಎಂದು ಗಂಡ ಕೇಳಿದ.

"ಅಕ್ಕನ ಮೈಯಲ್ಲಿ ಬರೀ ಮೂಳೆ ಉಳಿದಿದೆಯಂತೆ ಕಣ್ರೀ. ಮುಂದೆ ಕೂರಿಸ್ಕೊಂಡು ಅವರ ಕೆರೆ ಏರಿ ತನಕ ಒಂದು ಸುತ್ತು ಕರ್ಕೊಂಡು ಹೋಗ್ಬೇಕು. ಒತ್ತಬಾರದಲ್ಲ."

ಭಾನುವಾರ ಹೊರಡುವುದೆಂದು ನಿಶ್ಚಯವಾಯಿತು. ಅಕ್ಕನಿಗೆಂದು ಹೆಣೆದ ಉಣ್ಣೆಯ ಶಾಲು, ಎರಡು ಸೀರೆ ತುಂಬಿದ ಚೀಲ ಬಾಗಿಲ ಪಕ್ಕ ಬಂದು ಕೂತಿತು. ಶುಕ್ರವಾರ ಗಿರಣಿಯವನು ಮೇಸ್ತ್ರಿಯನ್ನು ಕೂರಿಸಿಕೊಂಡು ಗುಡ್ಡದ ರಸ್ತೆಗೆ ಕಾರನ್ನು ಪರೀಕ್ಷೆಗೆ ಒಯ್ದ. ಮೂರನೇ ತಿರುವಿನಲ್ಲಿ, ಬಾಗಿಲ ಸಂದಿಗೆ ಬಾಲ ಸಿಕ್ಕ ನಾಯಿಯಂತೆ ಗೇರು ಒಮ್ಮೆಲೇ ಊಳಿಟ್ಟಿತು. ಆಮೇಲೆ ಕಟಕಟ ಎಂದಿತು. ಆಮೇಲೆ ಏನೂ ಇಲ್ಲ. ಎಂಜಿನ್ನು ತನ್ನ ಪಾಡಿಗೆ ತಿರುಗುತ್ತಿತ್ತು, ಗಾಡಿ ಕದಲಲಿಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬರುವಾಗ ಗಿರಣಿಯವನು ಕೇಳಿಕೊಂಡದ್ದು ಒಂದೇ: "ಪೇಟೆ ರಸ್ತೆ ಬೇಡ. ಹಿಂದಿನ ದಾರಿ ಹಿಡಿ."

ಶೆಡ್ಡಿನಲ್ಲಿ ಮೇಸ್ತ್ರಿ ಗೇರ್ ಪೆಟ್ಟಿಗೆಯ ಬುಡದ ಬೋಲ್ಟು ತೆಗೆದ. ಎಣ್ಣೆ ಹರಿಯಲಿಲ್ಲ. ಕಪ್ಪು ಅಂಬಲಿಯಂಥದ್ದೊಂದು ತೊಟ್ಟು ತೊಟ್ಟಾಗಿ ತಟ್ಟೆಗೆ ಬಿತ್ತು. ಮೇಸ್ತ್ರಿ ಅದನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ಗಿರಣಿಯವನ ಕಡೆ ಚಾಚಿದ.

"ಮರದ ಹೊಟ್ಟು ಅಣ್ಣ. ಗರಗಸದ ಮಿಲ್ಲಿಂದ ತಂದು ದಪ್ಪ ಆಯಿಲಿಗೆ ಕಲಸಿ ತುಂಬಿದಾರೆ. ಹಲ್ಲು ಸವೆದ ಗೇರು ಒಂದು ತಿಂಗಳ ಮಟ್ಟಿಗೆ ಬಾಯಿ ಮುಚ್ಕೊಂಡು ಬಿದ್ದಿರುತ್ತೆ. ಹಳೇ ಮೋಸ. ಕಿವಿಯಲ್ಲಿ ಕೇಳಿ ಕೊಳ್ಳೋರಿಗೇ ಅಂತ ಇರೋದು."

ಗಿರಣಿಯವನಿಗೆ ಕಲ್ಲಿನ ಮಾತು ಆಗ ನೆನಪಾಯಿತು. ಕಿವಿ ಎರಡೂ ಬೆಂಕಿ ತಾಗಿದ ಹಾಗೆ ಬಿಸಿಯಾದವು.

"ನಡೀರಿ, ಸಾಹುಕಾರನ ಅಂಗಡಿ ಮುಂದೇನೇ ಈ ತಟ್ಟೆ ಸುರಿದು ಬರೋಣ," ಎಂದು ಮೇಸ್ತ್ರಿ ಎದ್ದ.

"ಬೇಡ," ಅಂದ ಗಿರಣಿಯವನು. ಸುರಿದರೆ ಸಾಹುಕಾರ ಕಳ್ಳನಾಗುತ್ತಿದ್ದ, ನಿಜ. ಆದರೆ ಕಳ್ಳತನ ಎರಡು ದಿನದ ಸುದ್ದಿ. ಗಿರಣಿಯವನ ಕಿವಿಗೆ ಹೊಟ್ಟು ತುಂಬಿದ ಕಥೆ ಅವನು ಸಾಯುವ ತನಕ ಓಡಾಡುತ್ತಿತ್ತು. "ಈ ಮಾತು ಈ ಶೆಡ್ಡಿನ ಬಾಗಿಲು ದಾಟಬಾರದು ಮೇಸ್ತ್ರಿ. ಬೇರೆ ಗೇರ್ ಪೆಟ್ಟಿಗೆ ಹುಡುಕು."

"ಹುಡುಕ್ತೀನಿ. ಈ ಮಾಡೆಲ್ಲು ಗುಜರೀಲೂ ಸಿಗಲ್ಲ, ಮೂರು ವಾರ ಆದ್ರೂ ಬೇಕು." ಮೇಸ್ತ್ರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅಲ್ಲೀವರೆಗೆ ಕಾಯೋದು ಬೇಡ ಅಣ್ಣ. ನಾಡಿದ್ದು ಭಾನುವಾರ ನನ್ನ ಪಿಕಪ್ಪಲ್ಲಿ ಅತ್ತಿಗೇನ ಕರ್ಕೊಂಡು ಹೋಗಿ ಬರ್ತೀನಿ. ಮುಂದಿನ ಸೀಟು ಮೆತ್ತಗಿದೆ. ಸ್ಟೂಲ್ ಇಟ್ಟು ಹತ್ತಿಸಿದ್ರೆ ಆಯ್ತು."

"ನೋಡೋಣ. ಅವಳನ್ನ ಕೇಳಿ ಹೇಳ್ತೀನಿ."

ಅವನು ಕೇಳಲಿಲ್ಲ. ಗ್ಯಾರೇಜಿನ ಪಿಕಪ್ಪು ಬಂದು ತನ್ನ ಬಾಗಿಲಲ್ಲಿ ನಿಂತರೆ ಹಿಟ್ಟಿಗೆ ಬಂದವರೆಲ್ಲ ಏನು ಕೇಳುತ್ತಾರೆ? ಬೆಣ್ಣೆ ಗೇರಿನ ಕಾರು ಎಲ್ಲಿ ಹೋಯಿತು ಎನ್ನುವುದಿಲ್ಲವೇ? ಮನೆಗೆ ಬಂದು ಕಾಲು ತೊಳೆಯುತ್ತ, "ಬಣ್ಣ ಇನ್ನೂ ಒಣಗಿಲ್ಲ ಕಣೇ," ಅಂದ. "ಚಳಿ ನೋಡು. ಮುಂದಿನ ಭಾನುವಾರ."

ಮುಂದಿನ ಭಾನುವಾರ ಬಂದಾಗ ಗಾಜು ಸಡಿಲವಾಗಿತ್ತು. ಅದರ ಮುಂದಿನದಕ್ಕೆ ದೀಪದ ತಂತಿ. ಕಾರಿನಲ್ಲಿ ಇಲ್ಲದ ರೋಗಗಳನ್ನೆಲ್ಲ ಅವನು ದಿನಕ್ಕೊಂದರಂತೆ ಮನೆಗೆ ತಂದ. ಹೆಂಡತಿ ಎರಡನೆಯ ವಾರ ಒಮ್ಮೆ ಕೇಳಿದಳು.

"ರೀ, ಈ ಸಲಕ್ಕೆ ಬಾಡಿಗೆ ಕಾರು ಮಾಡಿಬಿಡೋಣ್ವಾ?"

"ಮನೇಲಿ ಕಾರು ಇಟ್ಕೊಂಡು ಬಾಡಿಗೆ ಕಾರು ಹತ್ತೋದಾ? ಜನ ಎಲ್ಲಿಂದ ನಗ್ತಾರೆ ಗೊತ್ತಾ? ಇಷ್ಟು ದಿನ ಕಾದೆ, ಇನ್ನೊಂದು ವಾರ."

ಅವಳು ಮತ್ತೆ ಕೇಳಲಿಲ್ಲ. ನಲವತ್ತು ವರ್ಷ ಅವನ ಮಾತು ನಂಬಿ ಅಭ್ಯಾಸವಾದವಳು. ಬಾಗಿಲ ಪಕ್ಕದ ಚೀಲದ ಮೇಲೆ ಗಿರಣಿಯ ಹಿಟ್ಟು ಕೂರುತ್ತಿತ್ತು. ದಿನಾ ಬೆಳಿಗ್ಗೆ ಕೊಡವುತ್ತಿದ್ದಳು.

ಒಂದು ಸಂಜೆ ಅಕ್ಕನ ಫೋನು ಬಂತು. ಹೆಂಡತಿ ಅದನ್ನು ಗಟ್ಟಿಯಾಗಿ ಕೇಳುವಂತೆ ಮಾಡಿ ಮಂಚದ ಮೇಲೆ ಇಟ್ಟುಕೊಂಡಿದ್ದಳು. "ಏನೇ, ನಿಮ್ಮೆಜಮಾನ್ರು ಕಾರು ರಿಪೇರಿ ಮಾಡ್ತಿದಾರೋ, ಹಡಗು ಕಟ್ತಿದಾರೋ?" ಎಂದಳು ಅಕ್ಕ. ಹೆಂಡತಿ ನಕ್ಕಳು. ಅಕ್ಕನೂ ನಗಲು ಹೋಗಿ ನಿಲ್ಲಿಸಿದಳು. ಪಕ್ಕದ ಕೋಣೆಯಲ್ಲಿ ಅಂಗಿ ಬದಲಿಸುತ್ತಿದ್ದ ಗಿರಣಿಯವನ ತಲೆ ತಾನಾಗಿಯೇ ಎಡಕ್ಕೆ ವಾಲಿತು. ಆ ನಗುವಿನ ಕೊನೆಯಲ್ಲಿ, ಉಸಿರು ಒಳಗೆ ಹೋಗುವ ಕಡೆ, ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗುವಾಗ ಬರುವಂಥ ಸಣ್ಣ ಕರಕರ ಇತ್ತು. ಹೆಚ್ಚು ದಿನ ಇಲ್ಲ ಎಂದು ಅವನಿಗೆ ಆಗಲೇ ತಿಳಿಯಿತು. ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ಹೋದ.

ಪೇಟೆಯಲ್ಲಿ ಸಾಹುಕಾರ ಎದುರಾದ. ಬೀಜದ ಮೂಟೆಯ ಮೇಲೆ ಕೂತು ಹಲ್ಲು ಕಡ್ಡಿ ಆಡಿಸುತ್ತ, "ಹೇಗಿದೆ ಅಣ್ಣ ಗಾಡಿ? ರಸ್ತೇಲಿ ಕಾಣಿಸ್ತಾನೇ ಇಲ್ಲ," ಅಂದ.

"ಚೆನ್ನಾಗಿದೆ. ಬಣ್ಣ ಹೊಡೆಸ್ತಾ ಇದೀನಿ."

"ಗೇರು?"

"ಬೆಣ್ಣೆ."

ಇಬ್ಬರೂ ಒಬ್ಬರ ಕಣ್ಣನ್ನು ಒಬ್ಬರು ನೋಡಿದರು. ಸಾಹುಕಾರನ ತುಟಿಯ ತುದಿ ಸ್ವಲ್ಪ ಕೊಂಕಿತು. ಗಿರಣಿಯವನು ನಮಸ್ಕಾರ ಹೇಳಿ ಮುಂದೆ ನಡೆದ.

ನಾಲ್ಕನೇ ವಾರ ಗೇರ್ ಪೆಟ್ಟಿಗೆ ಸಿಕ್ಕಿತು. ಎಲ್ಲೋ ಮರಕ್ಕೆ ಗುದ್ದಿ ನುಜ್ಜುಗುಜ್ಜಾದ ಕಾರಿನದು, ಪೆಟ್ಟಿಗೆ ಮಾತ್ರ ಗಟ್ಟಿ. ಬುಧವಾರ ಸಂಜೆಯೊಳಗೆ ಮೇಸ್ತ್ರಿ ಅದನ್ನು ಕೂರಿಸಿದ. ಇಬ್ಬರೂ ಗುಡ್ಡ ಹತ್ತಿ ಇಳಿದು ಬಂದರು. ಕಾರು ಏದುಸಿರಿಲ್ಲದೆ ಹತ್ತಿತು.

"ಆಯ್ತಲ್ಲ," ಎಂದು ಮೇಸ್ತ್ರಿ ಕೈ ಒರೆಸಿಕೊಂಡ. "ನಾಳೆ ಬೆಳಿಗ್ಗೆ ಅತ್ತಿಗೇನ ಕೂರಿಸ್ಕೊಂಡು ಹೊರಟುಬಿಡಿ."

"ಮೂರನೇ ಗೇರಲ್ಲಿ ಕುಂಯ್ ಅಂತಿದೆ."

"ಹಳೇ ಹಲ್ಲು ಅಣ್ಣ, ಸ್ವಲ್ಪ ಗುನುಗುತ್ತೆ. ಅದು ಆರೋಗ್ಯದ ಸದ್ದು. ನಾವಿಬ್ಬರೂ ಸತ್ತ ಮೇಲೂ ಓಡುತ್ತೆ."

"ಪೇಟೆ ಮಧ್ಯೆ ಹೋಗುವಾಗ ಹೀಗೇ ಅಂದ್ರೆ?"

"ಯಾರಿಗೆ ಕೇಳುತ್ತೆ?"

"ನನಗೆ ಕೇಳುತ್ತೆ," ಅಂದ ಗಿರಣಿಯವನು. ಸಾಹುಕಾರ ಬಾಗಿಲಲ್ಲಿ ನಿಂತು, ಕುಂಯ್‌ಗುಟ್ಟುತ್ತ ಹೋಗುವ ಕಾರನ್ನು ನೋಡಿ ಹಲ್ಲು ಕಡ್ಡಿ ಆಡಿಸುವುದು ಅವನ ಕಣ್ಣಿಗೆ ಕಟ್ಟಿತ್ತು. "ಬಿಚ್ಚು. ಬೇರಿಂಗ್ ಬದಲಾಯಿಸು. ಎರಡು ದಿನ ತಾನೆ."

ಮೇಸ್ತ್ರಿ ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಂಡ.

ಶನಿವಾರ ಬೆಳಿಗ್ಗೆ ಗಿರಣಿ ಓಡುತ್ತಿದ್ದಾಗ, ಹೆಂಡತಿ ಕೋಲಿಲ್ಲದೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಕೈಯಲ್ಲಿ ಫೋನಿತ್ತು. ಗಿರಣಿಯವನು ಮೋಟಾರು ನಿಲ್ಲಿಸಿದ. ಕಲ್ಲು ನಿಲ್ಲುವ ತನಕ ಇಬ್ಬರೂ ಹಾಗೇ ನಿಂತರು.

ಕಾರಿನ ಗೇರ್ ಪೆಟ್ಟಿಗೆ ಶೆಡ್ಡಿನ ನೆಲದ ಮೇಲೆ ಗೋಣಿಚೀಲ ಹಾಸಿ ಬಿಚ್ಚಿಟ್ಟಿತ್ತು. ಮೇಸ್ತ್ರಿ ಪಿಕಪ್ಪು ತಂದ. ಸ್ಟೂಲ್ ಇಟ್ಟು, ತೋಳು ಕೊಟ್ಟು ಅವಳನ್ನು ಮುಂದೆ ಹತ್ತಿಸಿದ. ಹತ್ತುವುದಕ್ಕೆ ಎಷ್ಟು ಹೊತ್ತು ಬೇಕಾಯಿತು? ಒಂದು ಲೋಟ ನೀರು ಕುಡಿಯುವಷ್ಟು. ಗಿರಣಿಯವನು ಹಿಂದೆ, ಸಾಮಾನು ತುಂಬುವ ಜಾಗದಲ್ಲಿ, ಬಿಡಿ ಚಕ್ರದ ಮೇಲೆ ಕೂತ.

"ಅವತ್ತೇ ಬಂದಿದ್ರೆ ಮಾತಾಡಿಸಬಹುದಿತ್ತು ಅತ್ತಿಗೆ," ಎಂದು ಮೇಸ್ತ್ರಿ ಗಾಡಿ ಹೊರಡಿಸುತ್ತ ಹೇಳಿದ. "ನೀವು ಪಿಕಪ್ಪಲ್ಲಿ ಬರಲ್ಲ ಅಂದ್ರಂತಲ್ಲ."

"ಯಾವತ್ತು?"

"ಗೇರು ಮುರಿದ ವಾರ. ಅಣ್ಣನ ಹತ್ರ ಹೇಳಿ ಕಳಿಸಿದ್ನಲ್ಲ, ಭಾನುವಾರ ಕರ್ಕೊಂಡು ಹೋಗ್ತೀನಿ ಅಂತ."

"ಯಾವ ಗೇರು?"

ಹಿಂದಿನ ಪುಟ್ಟ ಕಿಟಕಿಗೆ ಗಾಜಿರಲಿಲ್ಲ. ಒಂದೊಂದು ಮಾತೂ ಗಿರಣಿಯವನಿಗೆ ಕೇಳಿಸಿತು. ಹೊಟ್ಟಿನ ಕಥೆ, ಹಿಂದಿನ ದಾರಿಯ ಕಥೆ, ಬುಧವಾರವೇ ಕಾರು ಗುಡ್ಡ ಹತ್ತಿದ ಕಥೆ. ಮೇಸ್ತ್ರಿಗೂ ಈಗ ಮುಚ್ಚಿಡುವುದು ಸಾಕಾಗಿತ್ತು. ಹೆಂಡತಿ ಹಿಂದಿರುಗಿ ನೋಡುತ್ತಾಳೆಂದು ಗಿರಣಿಯವನು ಕಾದ. ಎರಡು ಗಂಟೆಯ ದಾರಿಯಲ್ಲಿ ಅವಳ ತಲೆಯ ಹಿಂಭಾಗ, ಗಡಿಬಿಡಿಯಲ್ಲಿ ಸುತ್ತಿಕೊಂಡ ನರೆಗೂದಲ ಗಂಟು ಮಾತ್ರ ಅವನಿಗೆ ಕಂಡಿತು. ಗುಡ್ಡ ಇಳಿದ ಮೇಲೆ ಒಮ್ಮೆ ಅವಳೆಂದಳು, ಯಾರಿಗೆಂದು ಗೊತ್ತಾಗದ ಹಾಗೆ: "ಬಸ್ಸಿನ ಮೆಟ್ಟಿಲು ತೆವಳಿಕೊಂಡು ಹತ್ತಿದ್ರೂ ಆಗ್ತಿತ್ತು."

ಅಕ್ಕನ ಮಂಚ ಬಾಗಿಲಿಗೆ ನೇರವಾಗಿತ್ತು. ಮೊದಲು ಅದು ಗೋಡೆಯ ಕಡೆಗಿತ್ತಂತೆ. "ನಾವೇ ತಿರುಗಿಸಿ ಹಾಕಿದ್ವಿ ಚಿಕ್ಕಮ್ಮ," ಎಂದಳು ಅಕ್ಕನ ಮಗಳು. "ಗುರುವಾರ ಪೂರ್ತಿ ಎಚ್ಚರವಾಗಿದ್ಲು ಅಮ್ಮ. ಬಾಗಿಲು ಕಾಣಬೇಕು ಅಂದ್ಲು. ಕಾರಿನ ಸದ್ದು ಕೇಳಿದ್ರೆ ಹೇಳು, ತಲೆ ಬಾಚಿಕೊಳ್ಬೇಕು ಅಂತಿದ್ಲು. ಶುಕ್ರವಾರ ಮಾತು ನಿಂತೋಯ್ತು, ಇವತ್ತು ಬೆಳಿಗ್ಗೆ ಉಸಿರು."

ಹೆಂಡತಿ ಚೀಲದಿಂದ ಶಾಲು ತೆಗೆದು ಹೊದಿಸಿದಳು. ಅಂಚಿನಲ್ಲಿ ಇನ್ನೂ ಹಿಟ್ಟಿತ್ತು. ಕೊಡವಲಿಲ್ಲ. ಅಕ್ಕನ ಮಗಳ ಕೈಯಿಂದ ಬಾಚಣಿಗೆ ಇಸಕೊಂಡು ಅಕ್ಕನ ತಲೆ ಬಾಚಿದಳು.

ಕಾರು ಮರುವಾರ ಮನೆಗೆ ಬಂತು. ಈಗ ಮೂರನೇ ಗೇರಿನಲ್ಲಿ ಕುಂಯ್ ಎನ್ನುವುದಿಲ್ಲ. ಗಿರಣಿಯವನು ಅದನ್ನು ಪೇಟೆಯ ನಟ್ಟನಡುವೆ ಓಡಿಸಿಕೊಂಡು ಬಂದ. ಬೀಜದಂಗಡಿಯ ಮುಂದೆ ನಿಧಾನ ಮಾಡಿದ. ಸಾಹುಕಾರ ಒಳಗೆ ಯಾರಿಗೋ ಬೀಜ ತೂಗುತ್ತಿದ್ದ. ತಲೆ ಎತ್ತಲಿಲ್ಲ.

ತಿಂಗಳಿಗೊಮ್ಮೆ ಸೊಂಟ ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು ಹೆಂಡತಿ. ಆ ಬೆಳಿಗ್ಗೆ ಗಿರಣಿಯವನು ಕಾರು ಒರೆಸಿ, ಬಾಗಿಲು ತೆರೆದು ನಿಂತ. ಅವಳು ಕೋಲೂರುತ್ತ ಅವನ ಮುಂದೆಯೇ ಹಾದು ಬಸ್ ನಿಲ್ದಾಣಕ್ಕೆ ಹೋದಳು. ಕಂಡಕ್ಟರು ಕೈ ಹಿಡಿದು ಎಳೆದುಕೊಂಡನಂತೆ, ಹಿಂದಿನಿಂದ ಯಾರೋ ಹೆಂಗಸು ನೂಕಿದಳಂತೆ. ಹತ್ತಲು ಆಗಿತ್ತು. ಅದನ್ನು ಹಿಟ್ಟಿಗೆ ಬಂದವರು ಅವನಿಗೆ ಹೇಳಿದರು. ಅವಳು ಅವನಿಗೆ ಊಟಕ್ಕೆ ಬಡಿಸುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಗಿರಣಿಯ ಪಕ್ಕದ ಚಪ್ಪರದಿಂದ ಚರಚರ ಸದ್ದು ಕೇಳಿಸಿತು. ಕಲ್ಲು ಓಡುತ್ತಿದ್ದರೂ ಕೇಳಿಸಿತು. ಹೋಗಿ ನೋಡಿದರೆ ಹೆಂಡತಿ ಕಾರಿನ ಬಾಗಿಲು ತೆರೆದು, ಹೊರಗೆ ನಿಂತೇ ಬಗ್ಗಿಕೊಂಡು, ಮುಂದಿನ ಸೀಟಿನ ಹಸಿರು ಗವಸಿನ ಹೊಲಿಗೆಯನ್ನು ಕತ್ತರಿಯಿಂದ ಬಿಚ್ಚುತ್ತಿದ್ದಳು. ಎರಡು ಪದರ ಹತ್ತಿ ಉಂಡೆ ಉಂಡೆಯಾಗಿ ಕಾಲ ಬಳಿ ಬಿದ್ದಿತ್ತು.

"ಏನೇ ಮಾಡ್ತಿದೀಯ?"

"ಬಿಚ್ಚಿ ನೋಡ್ತಿದೀನಿ," ಎಂದಳು, ತಲೆ ಎತ್ತದೆ. "ಹೊರಗಿನಿಂದ ಚೆನ್ನಾಗೇ ಕಾಣುತ್ತೆ. ಒಳಗೆ ಏನು ತುಂಬಿದೆಯೋ, ಯಾರಿಗೆ ಗೊತ್ತು."

ಅವನು ಗಿರಣಿಗೆ ಹಿಂತಿರುಗಿ ಹಿಟ್ಟು ಬೀಳುವ ಬಾಯಿಯ ಬಳಿ ನಿಂತ. ಮೂರು ವಾರದಿಂದ ಕಲ್ಲಿಗೆ ಹಲ್ಲು ಕಡಿದಿರಲಿಲ್ಲ. ಅದು ಮೆತ್ತಗೆ, ಮೆತ್ತಗೆ ತಿರುಗುತ್ತಿತ್ತು. ಡಬ್ಬಿ ಹಿಡಿದು ನಿಂತಿದ್ದ ಹೆಂಗಸು ಹಿಟ್ಟನ್ನು ಅಂಗೈಯಲ್ಲಿ ತಿಕ್ಕಿ ನೋಡಿ ಮುಖ ಸಿಂಡರಿಸಿದಳು.

"ಏನಣ್ಣ, ಬರೀ ತರಿ ಬೀಳ್ತಿದೆ? ಕಲ್ಲು ಸವೆದಿದೆ. ನಿಮ್ಮಂಥ ಕಿವಿಗೆ ಕೇಳಿಸ್ಲಿಲ್ವಾ?"

"ಕೇಳಿಸಿತ್ತು," ಅಂದ ಗಿರಣಿಯವನು.